ಡಾಕ್ಟರ್ ಯಾರೆಂದು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ

ಈ ಬರಹದಲ್ಲಿ ಇಬ್ಬರ ಹೆಸರು ಬರುವುದಿಲ್ಲ. ಒಬ್ಬರು ನನ್ನ ಹಳೆಯ ಸಹೋದ್ಯೋಗಿ, ಈಚೆಗೆ ತೀರಿಕೊಂಡವರು. ಅಮ್ಮನ ಹೆಸರು ಬೇಡವೆಂದು ಅವರ ಮಗಳು ಕೇಳಿಕೊಂಡಿದ್ದಾಳೆ. ಕಲ್ಯಾಣ್‌ನಲ್ಲಿ ಗಂಡ, ಮಗು ಎಂದು ಬದುಕು ಕಟ್ಟಿಕೊಂಡಿರುವವಳು, ಅವಳ ಮಾತನ್ನು ಮೀರಲಾರೆ. ಇನ್ನೊಬ್ಬ ರಾಜಕಾರಣಿ. ಬದುಕಿದ್ದಾನೆ, ಚೆನ್ನಾಗಿಯೇ ಇದ್ದಾನೆ, ಹೋದ ವಾರ ಕೂಡ ಘೋಡಬಂದರ್ ರಸ್ತೆಯುದ್ದಕ್ಕೂ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತಿದ್ದ. ಅವನ ಹೆಸರು ಬರೆಯದಿರುವುದಕ್ಕೆ ಯಾರ ಕೋರಿಕೆಯೂ ಕಾರಣವಲ್ಲ. ನನ್ನ ಹೆದರಿಕೆ ಕಾರಣ. ಅದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದು ಹೇಳಲು ಸುಲಭ.

ವಾಶಿಯಲ್ಲಿದ್ದ ಕಬ್ಬಿಣ ವ್ಯಾಪಾರದ ಕಂಪನಿಯೊಂದರಲ್ಲಿ ಅವರು ಟೆಲಿಫೋನ್ ಆಪರೇಟರ್. ನಾನು ಅದೇ ಕಂಪನಿಯ ಆಡಳಿತ ವಿಭಾಗದಲ್ಲಿದ್ದೆ. ಠಾಣೆಯಿಂದ ವಾಶಿಗೆ ಲೋಕಲ್ ರೈಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಅವರು ಡೊಂಬಿವಲಿಯಿಂದ ಲೇಡೀಸ್ ಡಬ್ಬಿಯಲ್ಲಿ ನೇತಾಡಿಕೊಂಡು ಠಾಣೆಗೆ ಬಂದು ಅಲ್ಲಿ ಗಾಡಿ ಬದಲಿಸುತ್ತಿದ್ದರು. ನಾನು ಠಾಣೆಯಲ್ಲೇ ಇದ್ದವನು. ಪ್ಲಾಟ್‌ಫಾರಂನಲ್ಲಿ ಸಿಕ್ಕಾಗ ಕನ್ನಡದಲ್ಲಿ ನಾಲ್ಕು ಮಾತು. ಉಡುಪಿ ಕಡೆಯವರು, ಮನೆಯಲ್ಲಿ ತುಳು. ಗಂಡ ಕಲ್ಯಾಣ್ ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಮ್ಯಾನೇಜರ್, ಯಾರ ಮೇಲೂ ದನಿ ಎತ್ತದ ಮನುಷ್ಯ. ದನಿಯ ಪಾಲನ್ನೆಲ್ಲ ಹೆಂಡತಿಗೇ ಬಿಟ್ಟಿದ್ದರೇನೋ.

ನಾವು ಕನ್ನಡದವರು ಅವರನ್ನು ಅಕ್ಕ ಅನ್ನುತ್ತಿದ್ದೆವು, ಮರಾಠಿಯವರು ತಾಈ, ಅವರ ಮಾತಿನಲ್ಲಿ ಅದೂ ಅಕ್ಕನೇ. ಹಾಗೆಂದು ಮಮತೆಯ ಮೂರ್ತಿ ಎಂದುಕೊಳ್ಳಬೇಡಿ. ಮುಂಗೋಪಿ. ಆಫೀಸಿನ ಫೋನಿನಲ್ಲಿ ಮನೆಯ ಮಾತು ಮೂರು ನಿಮಿಷ ದಾಟಿದರೆ ಎಚ್ಚರಿಸದೇ ಲೈನ್ ಕತ್ತರಿಸುತ್ತಿದ್ದರು. ನನ್ನ ಹೆಂಡತಿಗೆ ಹೆರಿಗೆಯ ದಿನ ಹತ್ತಿರವಿದ್ದಾಗಲೂ ಕತ್ತರಿಸಿದರು. ಸಿಟ್ಟಿನಿಂದ ಅವರ ಸ್ವಿಚ್‌ಬೋರ್ಡಿನ ಹತ್ತಿರ ಹೋಗಿ, ದಯವಿಟ್ಟು ಹಾಗೆ ಮಾಡಬೇಡಿ ಎಂದೆ. ಅವರು ಹೆಡ್‌ಫೋನು ಸರಿಮಾಡಿಕೊಂಡು, "ನೀವು ಮೈಸೂರಿನವ್ರು ಬೈಲಿಕ್ಕೂ ಅಪ್ಪಣೆ ಕೇಳ್ತೀರಲ್ಲ ಮಾರಾಯ್ರೆ" ಎಂದರು. ಮಗು ಹುಟ್ಟಿದ ದಿನ ಆಸ್ಪತ್ರೆಯ ಫೋನನ್ನು ನನ್ನ ಮೇಜಿಗೆ ಕೊಡುವ ಮೊದಲು ತಾವೇ ಸುದ್ದಿ ಕೇಳಿಕೊಂಡು, ಅರ್ಧ ಆಫೀಸಿಗೆ ತಿಳಿಸಿ, ಕೊನೆಯಲ್ಲಿ ನನಗೆ ಹೇಳಿದವರೂ ಅವರೇ.

ಸಾಹೇಬರು, ಎಂದರೆ ನಮ್ಮ ಮ್ಯಾನೇಜಿಂಗ್ ಡೈರೆಕ್ಟರ್, ಬೇಡದವರ ಫೋನು ಬಂದರೆ ಮೀಟಿಂಗಿನಲ್ಲಿದ್ದಾರೆ ಎನ್ನಲು ಹೇಳಿದ್ದರು. ಇವರು ಹಾಗೆ ಹೇಳುತ್ತಿರಲಿಲ್ಲ. "ಸಾಹೇಬರು ನಿಮ್ಮ ಫೋನು ಕೊಡಬೇಡಿ ಅಂದಿದ್ದಾರೆ" ಎಂದುಬಿಡುತ್ತಿದ್ದರು. ಅದಕ್ಕಾಗಿ ಅವರಿಗೊಂದು ಮೆಮೊ ಬಂತು. ಟೈಪು ಮಾಡಿಸಿ ಕೊಟ್ಟವನು ನಾನೇ. ಅದನ್ನು ಅವರು ಮೇಜಿನ ಗಾಜಿನಡಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡರು. ತೆಗೆಯಿರಿ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅವರ ಕಿವಿಯ ಬಗ್ಗೆ ಹೇಳಬೇಕು. ಒಮ್ಮೆ ಕೇಳಿದ ದನಿಯನ್ನು ಅವರು ಮರೆಯುತ್ತಿರಲಿಲ್ಲ. ಕೆಲಸ ಬಿಟ್ಟು ಆರು ವರ್ಷವಾದ ಗುಮಾಸ್ತ ಫೋನು ಮಾಡಿ ಹಲೋ ಎನ್ನುವಷ್ಟರಲ್ಲಿ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯ ದಲ್ಲಾಳಿಯೊಬ್ಬ ಬೇರೆ ಬೇರೆ ಕಂಪನಿಯ ಹೆಸರು ಹೇಳಿಕೊಂಡು ದರ ವಿಚಾರಿಸುತ್ತಿದ್ದ. ನಾಲ್ಕನೆಯ ಸಲ, ಇವತ್ತು ಯಾವ ಹೆಸರು ಬರೆದುಕೊಳ್ಳಲಿ ಎಂದು ಅವನನ್ನೇ ಕೇಳಿದರಂತೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೆ. "ಹೆಸರು ಬದ್ಲಾಯಿಸ್ಬೌದು, ಭಾಷೆಯೂ ಬದ್ಲಾಯಿಸ್ಬೌದು. ಮಾತಿನ ನಡುವೆ ಉಸಿರು ತೆಗೆಯುವ ಜಾಗ ಬದ್ಲಾಯಿಸ್ಲಿಕ್ಕೆ ಆಗುದಿಲ್ಲ" ಎಂದರು. ದಿನವಿಡೀ ಹೆಡ್‌ಫೋನು ಹಾಕಿ ಹಾಕಿ ಎಡಗಿವಿ ಆಗಲೇ ಮಂದವಾಗುತ್ತಿತ್ತು. ಬಲಗಿವಿಯೊಂದರಲ್ಲೇ ಇಷ್ಟೆಲ್ಲ.

ಬಂದ ಫೋನುಗಳಿಗೆಲ್ಲ ಅವರದೊಂದು ರಿಜಿಸ್ಟರ್ ಇತ್ತು. ವೇಳೆ, ಹೆಸರು, ಯಾರಿಗೆ ಕೊಟ್ಟದ್ದು. ಒಂದು ದಿನ ಸಾಹೇಬರು ಅವರನ್ನು ಒಳಗೆ ಕರೆದು, ಇನ್ನು ಮುಂದೆ ಡಾಕ್ಟರ್ ಎಂದು ಹೇಳಿ ಒಬ್ಬರು ಮಾಡುತ್ತಾರೆ, ಎಂಥ ಮೀಟಿಂಗಿದ್ದರೂ ತಕ್ಷಣ ಕೊಡಬೇಕು, ಪುಸ್ತಕದಲ್ಲಿ ಬರೆಯಬಾರದು ಎಂದರು. ಅವರು ತಕ್ಷಣ ಕೊಟ್ಟರು. ಪುಸ್ತಕದಲ್ಲಿಯೂ ಬರೆದರು. ಅವರ ಪ್ರಕಾರ ಬಂದ ಫೋನು ಬಂದದ್ದೇ, ಅದನ್ನು ಬರಲಿಲ್ಲ ಅನ್ನುವ ಅಧಿಕಾರ ಸಾಹೇಬರಿಗೂ ಇಲ್ಲ.

ಹೀಗೆ ವರ್ಷಗಟ್ಟಲೆ ಡಾಕ್ಟರ್ ಫೋನು ಮಾಡುತ್ತಿದ್ದ. ನಮ್ಮ ಸಾಹೇಬರಿಗೆ ಕಾಯಿಲೆಯೇನೂ ಇರಲಿಲ್ಲ.

ಅದೇ ಕಾಲದ ನವೆಂಬರಿನ ಒಂದು ಭಾನುವಾರ. ನಮ್ಮದೊಂದು ಪುಟ್ಟ ಕನ್ನಡ ಸಂಘ, ಶಾಲೆಯೊಂದರ ಹಾಲ್ ಬಾಡಿಗೆ ಪಡೆದು ರಾಜ್ಯೋತ್ಸವ ಮಾಡುತ್ತಿತ್ತು. ಆ ವರ್ಷ ಮುಖ್ಯ ಅತಿಥಿಯಾಗಿ ನಮ್ಮ ಭಾಗದ ದೊಡ್ಡ ರಾಜಕಾರಣಿಯನ್ನು ಕರೆದಿದ್ದರು. ಸಂಘಕ್ಕೆ ಜಾಗ ಕೊಡಿಸುತ್ತಾನೆಂಬ ಆಸೆ. ಮೂರನೆಯ ಸಾಲಿನಲ್ಲಿ ನಾನು, ನನ್ನ ಪಕ್ಕ ಅಕ್ಕ. ಅವನು ತಡವಾಗಿ ಬಂದ. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ಹೇಗಿದ್ದೀರಿ ಎಲ್ಲರೂ" ಎಂದು ಕನ್ನಡದಲ್ಲಿ ಶುರುಮಾಡಿ ಚಪ್ಪಾಳೆ ಗಿಟ್ಟಿಸಿ ಮರಾಠಿಗೆ ಹೊರಳಿದ. ಅಕ್ಕ ತಟ್ಟನೆ ನನ್ನ ತೋಳು ಹಿಡಿದರು. ಹಿಂದೆಂದೂ ಹಾಗೆ ಮಾಡಿದವರಲ್ಲ.

"ಇವ್ರೇ ಡಾಕ್ಟ್ರು" ಎಂದರು.

"ಯಾವ ಡಾಕ್ಟ್ರು?"

"ನಮ್ಮ ಸಾಹೇಬ್ರ ಡಾಕ್ಟ್ರು. ಫೋನಿನವ್ರು."

ಖಚಿತವೇ ಎಂದು ಕೇಳಿದೆ. ಅವರು ವೇದಿಕೆಯ ಕಡೆ ನೋಡುತ್ತಲೇ, "ಮೂರು ವರ್ಷದಿಂದ ಈ ಸ್ವರವನ್ನು ತಿಂಗಳಿಗೆ ಎರಡು ಸಲ ಒಳಗೆ ಕಳಿಸ್ತಾ ಇದ್ದೇನೆ" ಎಂದರು. ಭಾಷಣ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ತಟ್ಟಿದೆ.

ಕಂಪನಿ ಮುಳುಗಿದ್ದು ಅದಾಗಿ ಒಂದೂವರೆ ವರ್ಷಕ್ಕೆ. ನಡೆದದ್ದು ಇಷ್ಟು: ಕಳಂಬೋಲಿಯ ನಮ್ಮ ಗೋದಾಮಿನಲ್ಲಿ ಬೆಟ್ಟದಷ್ಟು ಉಕ್ಕು ಇದೆಯೆಂದು ಕಾಗದದಲ್ಲಿ ತೋರಿಸಿ, ಅದನ್ನೇ ಮತ್ತೆ ಮತ್ತೆ ಅಡವಿಟ್ಟು ಸಹಕಾರಿ ಬ್ಯಾಂಕೊಂದರಿಂದ ಸಾಲ ಎತ್ತಿದ್ದರು. ಕೊನೆಗೆ ತಪಾಸಣೆಗೆ ಬಂದವರು ಮುಂದಿನ ಸಾಲಿನ ಕಂಬಿಗಳನ್ನು ಸರಿಸಿ ನೋಡಿದರೆ ಹಿಂದೆ ಖಾಲಿ ಪೀಪಾಯಿಗಳು, ಮೇಲೊಂದು ತಾಡಪಾಲು. ಬ್ಯಾಂಕಿನ ಬಾಗಿಲಿಗೆ ಬೀಗ ಬಿತ್ತು. ಆ ಬಾಗಿಲ ಮುಂದೆ ಬೆಳಗಿನಿಂದ ಸರತಿ ನಿಂತವರು ಯಾರು? ಡೊಂಬಿವಲಿಯ ಕಾರಕೂನರು, ಕಲ್ಯಾಣ್‌ನ ತರಕಾರಿಯವರು, ನಮ್ಮ ಕರಾವಳಿಯ ಹೋಟೆಲುಗಳಲ್ಲಿ ತಟ್ಟೆ ತೊಳೆದು, ದೋಸೆ ಹುಯ್ದು ಮುದುಕರಾದವರು. ಅಕ್ಕನ ಗಂಡನೂ ಆ ಸಾಲಿನಲ್ಲಿದ್ದರು. ಎರಡು ದಿನ ನಿಂತು, ಮೂರನೆಯ ದಿನ ಯಾರಿಗೂ ಏನೂ ಹೇಳದೆ ಕೆಲಸಕ್ಕೆ ಹೋದರಂತೆ. ಯಾವ ಬ್ಯಾಂಕೂ ಇಷ್ಟು ದಡ್ಡತನದಿಂದ ತಾನಾಗಿಯೇ ಸಾಲ ಕೊಡುವುದಿಲ್ಲ. ಕೊಡಿ ಎಂದು ಹೇಳಿದವರೊಬ್ಬರು ಇರಲೇಬೇಕು. ಇದು ಊರಿಗೆಲ್ಲ ಗೊತ್ತಿತ್ತು.

ಕೇಸಾಯಿತು, ಸಾಹೇಬರು ಜೈಲಿಗೆ ಹೋದರು. ತನಿಖಾಧಿಕಾರಿಗಳು ಆಫೀಸಿನ ಕಪಾಟುಗಳ ಜೊತೆ ಅಕ್ಕನ ರಿಜಿಸ್ಟರುಗಳನ್ನೂ ಒಯ್ದರು. ಪ್ರತಿ ಸಾಲ ಮಂಜೂರಾಗುವ ಹಿಂದಿನ ಒಂದೆರಡು ದಿನ ಡಾಕ್ಟರನ ಫೋನು ಬಂದಿತ್ತು. ಅಕ್ಕನನ್ನು ಕರೆಸಿ, ಈ ಡಾಕ್ಟರ್ ಯಾರು ಎಂದು ಕೇಳಿದರು. ಅವರು ಹೆಸರು ಹೇಳಿದರು. ಅಧಿಕಾರಿ ಬರೆಯುತ್ತಿದ್ದ ಕೈ ನಿಲ್ಲಿಸಿದನಂತೆ. ದನಿಯಿಂದ ಹೇಗೆ ಹೇಳುತ್ತೀರಿ, ಆಗ ಯಾರಿಗಾದರೂ ಹೇಳಿದ್ದಿರಾ ಎಂದು ವಿಚಾರಿಸಿದ. ಅವರು ನನ್ನ ಹೆಸರು ಕೊಟ್ಟರು. ಮೂರನೆಯ ಸಾಲು, ಪಕ್ಕದ ಕುರ್ಚಿ, ಎಲ್ಲ ಹೇಳಿದರು.

ಅಷ್ಟರಲ್ಲಿ ನಾನು ಬೇರೆ ಕೆಲಸ ಹಿಡಿದಿದ್ದೆ. ಘೋಡಬಂದರ್ ರಸ್ತೆಯಲ್ಲಿ ಫ್ಲ್ಯಾಟು ಕೊಂಡಿದ್ದೆ. ಕಟ್ಟಡಕ್ಕೆ ನೀರಿನ ಸಂಪರ್ಕ ಬಂದಿರಲಿಲ್ಲ. ಅದಕ್ಕಾಗಿ ನಮ್ಮ ಫ್ಲ್ಯಾಟುಗಳ ಸೊಸೈಟಿಯವರು ವಾರಕ್ಕೊಮ್ಮೆ ಹೋಗಿ ನಿಲ್ಲುತ್ತಿದ್ದದ್ದು ಅದೇ ರಾಜಕಾರಣಿಯ ಕಚೇರಿಯಲ್ಲಿ. ಸಂಘದ ಕಾರ್ಯದರ್ಶಿ ಫೋನು ಮಾಡಿದರು. ಒಳ್ಳೆಯ ಮನುಷ್ಯ, ಧಾರವಾಡದ ಕಡೆಯವರು. "ನೋಡ್ರಿ, ನಾ ಏನೂ ಹೇಳಂಗಿಲ್ಲ. ನಿಮಗ ನೆನಪಿದ್ರ ಹೇಳ್ರಿ, ಇಲ್ಲಂದ್ರ ಬಿಡ್ರಿ. ಸುಮ್ಮನ ಯಾಕ ಬೇಕ್ರಿ" ಎಂದರು. ಅಷ್ಟೇ. ಯಾರೂ ನನ್ನನ್ನು ಬೆದರಿಸಲಿಲ್ಲ. ಯಾರೂ ಮನೆಯ ಮುಂದೆ ಬಂದು ನಿಲ್ಲಲಿಲ್ಲ. ಬೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

ಅಧಿಕಾರಿ ನನಗೆ ಚಹಾ ತರಿಸಿದ. ಒಂದೇ ಪ್ರಶ್ನೆ ಕೇಳಿದ: ಆ ಸಮಾರಂಭದಲ್ಲಿ ಆಕೆ ನಿಮಗೇನಾದರೂ ಹೇಳಿದ್ದರೇ? ನೆನಪಿಲ್ಲ ಎಂದೆ. ಅವನು ಕೇಳುವ ಮೊದಲೇ ಪೆನ್ನಿನ ಮುಚ್ಚಳ ಹಾಕಿಟ್ಟುಕೊಂಡಿದ್ದನ್ನು ಆಮೇಲೆ ಗಮನಿಸಿದೆ. ಅವನಿಗೆ ಬೇಕಾಗಿದ್ದ ಉತ್ತರವನ್ನೇ ಕೊಟ್ಟಿದ್ದೆ. ಬಾಗಿಲವರೆಗೆ ಬಂದು ಕೈಕುಲುಕಿ ಕಳಿಸಿದ.

ಆ ವಾರವೇ ಠಾಣೆ ಸ್ಟೇಷನ್ನಿನಲ್ಲಿ ಅಕ್ಕ ಸಿಕ್ಕರು. ಕಂಪನಿ ಮುಚ್ಚಿದ ಮೇಲೆ ಕೋಪರಖೈರಣೆಯ ಒಂದು ಟ್ಯೂಷನ್ ಕ್ಲಾಸಿನಲ್ಲಿ ಬಾಗಿಲ ಬಳಿ ಕೂರುವ ಕೆಲಸ ಹಿಡಿದಿದ್ದರು. ಐವತ್ತು ದಾಟಿದ ಆಪರೇಟರಿಗೆ, ಅದೂ ಸಾಕ್ಷಿಯಾಗಿ ಓಡಾಡುವವರಿಗೆ, ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ. ನಾನು ಬೇರೆ ಕಡೆ ತಿರುಗಿಕೊಳ್ಳಲು ನೋಡಿದೆ. ಅವರೇ ಎದುರಿಗೆ ಬಂದು ನಿಂತರು.

"ನಿಮ್ಗೆ ನೆನಪಿಲ್ಲ ಅಂದ್ರಂತೆ."

ನಾನು ಗಾಡಿ ಬರುವ ಕಡೆ ನೋಡಿದೆ.

"ಹೆದರಿಕೆ ಆಗ್ತದೆ ಅಂತ ಹೇಳ್ಬೌದಿತ್ತು. ನಂಗೂ ಆಗ್ತದೆ. ಅದನ್ನಾದರೂ ಅವ ಬರ್ಕೊಳ್ಬೇಕಿತ್ತು. ನೆನಪಿಲ್ಲ ಅಂದ್ರೆ ಸುಳ್ಳು ಹೇಳಿದವಳು ನಾನಾದೆ."

ಗಾಡಿ ಬಂತು, ಅವರು ಲೇಡೀಸ್ ಡಬ್ಬಿಯ ಕಡೆ ನಡೆದರು. ಅದರ ನಂತರವೂ ಮಾತು ಬಿಡಲಿಲ್ಲ. ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ನನಗೆ ಮಾತ್ರ ಅವರ ಮುಖ ನೋಡಿ ಉತ್ತರ ಕೊಡಲು ಆಗುತ್ತಿರಲಿಲ್ಲ.

ದೋಷಾರೋಪ ಪಟ್ಟಿ ಬಂತು. ಸಾಹೇಬರು, ಒಬ್ಬ ಅಕೌಂಟೆಂಟ್, ಬ್ಯಾಂಕಿನ ಒಬ್ಬ ಮ್ಯಾನೇಜರ್, ಮತ್ತೆ ಗೋದಾಮಿನ ಕಾವಲುಗಾರ. ಕಾವಲುಗಾರ! ಪೀಪಾಯಿಗಳ ಮೇಲೆ ತಾಡಪಾಲು ಎಳೆ ಎಂದರೆ ಎಳೆದವನು ಅವನು. ಅವನ ಹೆಸರು ಅಪ್ಪನ ಹೆಸರಿನ ಸಮೇತ ಅಚ್ಚಾಗಿತ್ತು. ಡಾಕ್ಟರ್ ಮಾತ್ರ ಗುರುತು ಸಿಗದ ವ್ಯಕ್ತಿ. ಗುರುತು ಸಿಗದ ಆ ವ್ಯಕ್ತಿ ಆ ವರ್ಷದ ಗೋಕುಲಾಷ್ಟಮಿಯ ದಹಿಹಂಡಿಯಲ್ಲಿ, ಮೊಸರ ಗಡಿಗೆ ಒಡೆದವರಿಗೆ ವೇದಿಕೆಯ ಮೇಲಿಂದ ಬಹುಮಾನ ಹಂಚಿದ. ನಮ್ಮ ಸಂಘಕ್ಕೆ ಜಾಗ ಕೊಡಿಸುವ ಭರವಸೆಯನ್ನು ಇನ್ನೊಮ್ಮೆ ಕೊಟ್ಟ. ನಮ್ಮ ಕಟ್ಟಡಕ್ಕೆ ನೀರು ಬಂತು. ಆ ನೀರಿನಲ್ಲೇ ನಾನು ಇವತ್ತಿಗೂ ಸ್ನಾನ ಮಾಡುತ್ತೇನೆ.

ಅಕ್ಕನ ಸರದಿ ಬರಲು ವರ್ಷಗಳೇ ಹಿಡಿದವು. ತಾರೀಖು ಸಿಕ್ಕಾಗಲೆಲ್ಲ ಕ್ಲಾಸಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಹೋಗುತ್ತಿದ್ದರು. ಒಮ್ಮೆ ವಕೀಲರಿಲ್ಲ, ಒಮ್ಮೆ ಆರೋಪಿಗೆ ಹೊಟ್ಟೆನೋವು, ಒಮ್ಮೆ ಕಡತವೇ ಬಂದಿಲ್ಲ. ಆ ನಡುವೆ ಗಂಡ ತೀರಿಕೊಂಡರು, ಮಗಳ ಮದುವೆಯಾಯಿತು. ಎಡಗಿವಿ ಪೂರ್ತಿ ಹೋಯಿತು. ಬಿಟ್ಟುಬಿಡಿ ಎಂದು ಮಗಳೂ ಹೇಳಿದಳು. ಅವರು ಕೇಳಲಿಲ್ಲ. ಕೋರ್ಟಿನಲ್ಲಿ ಎಲ್ಲರ ಎದುರು ಕೇಳಿದರೆ ಹೇಳಿಯೇ ಹೇಳುತ್ತೇನೆ, ಅಲ್ಲಿ ಹೇಳಿದ್ದನ್ನು ಬರೆದುಕೊಳ್ಳಲೇಬೇಕು ಎಂಬುದು ಅವರ ನಂಬಿಕೆ. ಉತ್ತರ ಸಿದ್ಧವಿಟ್ಟುಕೊಂಡು ಅಷ್ಟೂ ವರ್ಷ ಕಾದರು.

ಕೊನೆಗೂ ಅವರನ್ನು ಕಟಕಟೆಗೆ ಕರೆದ ದಿನ ನಾನು ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಸರ್ಕಾರಿ ವಕೀಲ ರಿಜಿಸ್ಟರ್ ತೋರಿಸಿ ಇದು ನಿಮ್ಮ ಕೈಬರಹವೇ ಎಂದು ಕೇಳಿದ. ಹೌದು. ಈ ವೇಳೆಗೆ ಫೋನು ಬಂದದ್ದು ನಿಜವೇ? ನಿಜ. ಯಾರಿಗೆ ಕೊಟ್ಟಿರಿ? ಸಾಹೇಬರಿಗೆ. ಪುಟದ ಮೇಲೆ ಪುಟ ತಿರುವಿದ. ಬೋರ್ಡಿನಲ್ಲಿ ಎಷ್ಟು ಲೈನುಗಳಿದ್ದವು, ಊಟದ ವೇಳೆ ಯಾರು ಕೂರುತ್ತಿದ್ದರು, ಎಲ್ಲ ಕೇಳಿದ. ಅಕ್ಕ ಚುಟುಕಾಗಿ ಮರಾಠಿಯಲ್ಲಿ ಉತ್ತರಿಸುತ್ತ ಹೋದರು. ಆರೋಪಿಯ ವಕೀಲ ಎದ್ದು, ನಿಮಗೆ ಕಿವಿ ಕೇಳುವುದಿಲ್ಲವಂತೆ ಎಂದು ನಕ್ಕ. ಎಡಗಡೆಯದು ಕೇಳುವುದಿಲ್ಲ, ಬಲಗಡೆಯದು ಕೇಳುತ್ತದೆ, ಈಗಷ್ಟೆ ನೀವು ನಿಮ್ಮ ಜೂನಿಯರಿಗೆ ನನ್ನ ಬಗ್ಗೆ ಹೇಳಿದ್ದೂ ಕೇಳಿಸಿತು ಎಂದರು. ಅವನು ಬೇಗ ಕೂತ.

ಅಲ್ಲಿಗೆ ಮುಗಿಯಿತು. ನ್ಯಾಯಾಧೀಶರು, ನೀವಿನ್ನು ಹೋಗಬಹುದು ಎಂದರು. ಅಕ್ಕ ಇಳಿಯಲಿಲ್ಲ. ಸರ್ಕಾರಿ ವಕೀಲನ ಮುಖ ನೋಡಿದರು. ಅವನು ಕಾಗದ ಜೋಡಿಸುತ್ತಿದ್ದ. ಮತ್ತೆ ನ್ಯಾಯಾಧೀಶರ ಕಡೆ ತಿರುಗಿ, "ಸಾಹೇಬ್, ಅಜೂನ್ ಏಕ್ ಪ್ರಶ್ನ್ ರಾಹಿಲಾ" ಎಂದರು. ಇನ್ನೂ ಒಂದು ಪ್ರಶ್ನೆ ಉಳಿದಿದೆ.

ಕೇಳಿದ್ದಕ್ಕಷ್ಟೇ ಉತ್ತರಿಸಬೇಕು ತಾಯಿ ಎಂದರು ನ್ಯಾಯಾಧೀಶರು, ಮೆತ್ತಗೆ. ಬೇರೇನಾದರೂ ಕೇಳುವುದಿದೆಯೇ ಎಂದು ಸರ್ಕಾರಿ ವಕೀಲನನ್ನು ವಿಚಾರಿಸಿದರು. ಅವನು ತಲೆ ಎತ್ತದೆ, ಇಲ್ಲ ಎಂದ.

ಈ ದೃಶ್ಯ ಎಷ್ಟು ಸಲ ಕಣ್ಣಮುಂದೆ ಬಂದಿದೆಯೋ. ಪ್ರತಿ ಸಲವೂ ಮೈ ಉರಿಯುತ್ತದೆ. ಅವನು ಅವರನ್ನು ಸುಳ್ಳಿ ಎನ್ನಲಿಲ್ಲ, ಬಾಯಿ ಮುಚ್ಚು ಎನ್ನಲಿಲ್ಲ. ಗಂಟೆಗಟ್ಟಲೆ ಪ್ರಶ್ನೆ ಕೇಳಿದ, ಡಾಕ್ಟರ್ ಯಾರು ಎಂಬ ಒಂದನ್ನು ಬಿಟ್ಟು. ಅದನ್ನು ಕೇಳಲು ಸರ್ಕಾರ ಅವನಿಗೆ ಸಂಬಳ ಕೊಡುತ್ತಿತ್ತು, ಕೇಳದಿರಲು ಏನು ಕೊಟ್ಟರೋ, ಯಾರು ಕೊಟ್ಟರೋ. ಅಕ್ಕ ಕಟಕಟೆಯ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದರು. ಅಷ್ಟು ಮುದುಕಿಯಾಗಿ ಅವರು ನನಗೆ ಹಿಂದೆಂದೂ ಕಂಡಿರಲಿಲ್ಲ.

ಹೊರಗೆ ಜಗಲಿಯಲ್ಲಿ ಬ್ಯಾಂಕಿನ ಠೇವಣಿದಾರರು ಹತ್ತಿಪ್ಪತ್ತು ಮಂದಿ ಕಾಯುತ್ತಿದ್ದರು. ಏನಾಯಿತು ಎಂದು ಕೇಳಿದರು. ಅಕ್ಕ ನಿಂತು, ಫೋನಿನಲ್ಲಿ ಮಾತಾಡುತ್ತಿದ್ದ ಆ ಸ್ಪಷ್ಟವಾದ ದನಿಯಲ್ಲಿ, ಡಾಕ್ಟರ್ ಯಾರೆಂದು ಹೆಸರು ಹಿಡಿದು ಹೇಳಿದರು. ಪೊಲೀಸನೊಬ್ಬ ಮೆಲ್ಲಗೆ ಮಾತಾಡಿ ಎಂದ. ಮುದುಕರೊಬ್ಬರು, ನಮಗೆಲ್ಲ ಗೊತ್ತಿರುವುದೇ ಅಲ್ಲವೇ ತಾಯಿ ಎಂದರು. ನಿಮಗೆ ಗೊತ್ತಿರುವುದರಿಂದ ಏನಾಗುತ್ತದೆ, ಕೋರ್ಟಿನ ಕಾಗದದಲ್ಲಿ ಬರೆದಿರಬೇಕಿತ್ತು ಎಂದು ಅಕ್ಕ ಸಿಟ್ಟಿನಿಂದಲೇ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಕಂಬದ ಹಿಂದೆ ನಿಂತಿದ್ದೆ.

ತೀರ್ಪು ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ನಾನು ಪ್ರತಿ ತರಿಸಿಕೊಂಡು ಡೊಂಬಿವಲಿಗೆ ಹೋದೆ. ಅವರ ಬಲಗಡೆ ಕೂತು, ಅವರಿಗೆ ಬೇಕಾಗಿದ್ದ ಪುಟವನ್ನು ಓದಿದೆ. ಡಾಕ್ಟರ್ ಎಂದು ಕರೆಯಲಾಗುತ್ತಿದ್ದ ವ್ಯಕ್ತಿ ಯಾರೆಂಬುದರ ಬಗ್ಗೆ ಕೋರ್ಟಿನ ಮುಂದೆ ಯಾವ ಸಾಕ್ಷ್ಯವೂ ಬಂದಿಲ್ಲ ಎಂದಿತ್ತು. ಸಾಹೇಬರು ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಮನೆಗೆ ಹೋಗಿದ್ದರು. ಜಾಮೀನು ಕೊಡುವವರಿಲ್ಲದ ಕಾವಲುಗಾರ ಒಳಗಿದ್ದ. ಅಕ್ಕ ಗೋಡೆಯ ಕಡೆ ಹೊರಳಿ, "ಆ ವಾಚ್‌ಮನ್ನಿನ ಹೆಂಡತಿ ಒಮ್ಮೆ ಫೋನ್ ಮಾಡಿದ್ಲು, ಗಂಡನಿಗೆ ರಜೆ ಬೇಕು ಅಂತ. ಪಾಪದ ಸ್ವರ" ಎಂದರು. ನಾನು ಹೇಳಬೇಕೆಂದು ಹೋದದ್ದನ್ನು ಅವತ್ತೂ ಹೇಳಲಿಲ್ಲ.

ಎರಡು ತಿಂಗಳಲ್ಲಿ ಹೋಗಿಬಿಟ್ಟರು. ಸಂಘದವರು ಸಂತಾಪ ಸಭೆ ಇಟ್ಟುಕೊಂಡರು. ಮೂವತ್ತು ಜನ ಬಂದಿದ್ದರು. ಕೇಸಿನ ವಿಷಯ ಎತ್ತುವುದು ಬೇಡ, ಅವರ ಸೇವೆಯ ಬಗ್ಗೆ ಎರಡು ಮಾತು ಸಾಕು ಎಂದು ಕಾರ್ಯದರ್ಶಿ ಕಿವಿಯಲ್ಲಿ ಹೇಳಿದರು. ಒಬ್ಬರು ಅವರ ಸಮಯಪಾಲನೆ ಹೊಗಳಿದರು. ಇನ್ನೊಬ್ಬರು ಅವರು ಮಾಡುತ್ತಿದ್ದ ನೀರುದೋಸೆ ನೆನೆದರು. ಮುಂದಿನ ಸಾಲಿನಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ದಳು. ನನ್ನ ಸರದಿ ಬಂದಾಗ ಎದ್ದು ಹೋಗಿ ಹೇಳಿದೆ. ರಾಜ್ಯೋತ್ಸವದ ದಿನ ಅವರು ನನ್ನ ತೋಳು ಹಿಡಿದು ಹೇಳಿದ ಮಾತು ನನಗೆ ಕೇಳಿಸಿತ್ತು. ಅಧಿಕಾರಿ ಕೇಳಿದಾಗ ನೆನಪಿತ್ತು. ನೆನಪಿಲ್ಲವೆಂದು ಸುಳ್ಳು ಹೇಳಿದೆ. ಅವರು ಹೇಳಿದ್ದು ನಿಜ.

ಗದ್ದಲವಾಗಲಿಲ್ಲ. ಯಾರೋ ಕೆಮ್ಮಿದರು, ಕೆಲವರು ಮೊಬೈಲು ನೋಡಿಕೊಂಡರು. ಕಾರ್ಯದರ್ಶಿ ಮೈಕು ತೆಗೆದುಕೊಂಡು ಒಂದು ನಿಮಿಷದ ಮೌನಕ್ಕೆ ಕರೆಕೊಟ್ಟರು. ಎಲ್ಲರೂ ಎದ್ದು ನಿಂತೆವು.

ಸಭೆ ಮುಗಿದ ಮೇಲೆ ಮಗಳು ನನ್ನ ಹತ್ತಿರ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತಾಡುವುದು ಹಿಂದಿ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅಂಕಲ್, ಯೇ ಬಾತ್ ಮಮ್ಮೀ ಕೆ ಸಾಮ್‌ನೆ ಬೋಲ್ನೀ ಥೀ" ಎಂದಳು. ಈ ಮಾತನ್ನು ಅಮ್ಮನ ಎದುರು ಹೇಳಬೇಕಿತ್ತು.

ಹಾಲ್‌ನ ಬಾಡಿಗೆಯ ಅವಧಿ ಮುಗಿಯುತ್ತ ಬಂದಿತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಲು ಹೋದಳು.